ವಿಟಮಿನ್ ಡಿ + ಲಿವರ್ ಹರ್ಬಲ್ ಕ್ಯಾಪ್ಸೂಲ್: ಮನೇಲಿ ಫಿಟ್ಸ್ ಮಾತ್ರೆ ತಗೊಳ್ಳೋರಿದ್ರೆ ದಯವಿಟ್ಟು ಓದಿ

ಎರಡು ಸ್ಟಾರ್ ಕೊಡ್ತಿದೀನಿ, ಅದೂ ಪ್ಯಾಕಿಂಗಿಗೆ ಮತ್ತೆ ಡೆಲಿವರಿಗೆ. ಸೀಲ್ ಸರಿಯಾಗಿತ್ತು, ಕ್ಯಾಪ್ಸೂಲ್ ನುಂಗೋಕೆ ಸಲೀಸು, ತೇಗು ಬಂದಾಗ ಸ್ವಲ್ಪ ಅರಿಶಿನದ ವಾಸನೆ ಅಷ್ಟೇ. ನಮ್ಮತ್ತೆಗೆ ಬ್ಲಡ್ ಟೆಸ್ಟಲ್ಲಿ ವಿಟಮಿನ್ ಡಿ 11 ಬಂದಿತ್ತು, 20ಕ್ಕಿಂತ ಕೆಳಗಿದ್ರೆ ಕೊರತೆ ಅಂತ ಲೆಕ್ಕ, ಸೊಂಟ ತೊಡೆ ಎಲ್ಲಾ ನೋವು ಅಂತಿದ್ರು, ಅದಕ್ಕೇ ನಮ್ಮೆಜಮಾನ್ರು ಆನ್‌ಲೈನಲ್ಲಿ ನೋಡಿ ತರಿಸಿದ್ದು. ಬಾಟ್ಲಿ ಮುಂದೆ ದೊಡ್ಡಕ್ಷರದಲ್ಲಿ "ಲಿವರ್‌ನಲ್ಲಿ ವಿಟಮಿನ್ ಡಿ ಆಕ್ಟಿವೇಟ್ ಮಾಡುತ್ತದೆ" ಅಂತಿದೆ. ಹಿಂದೆ ತಿರುಗಿಸಿದ್ರೆ ಇರುವೆ ಸೈಜಿನ ಅಕ್ಷರದಲ್ಲಿ "ಔಷಧೀಯ ಬಳಕೆಗೆ ಅಲ್ಲ".

ಒಂದು ಕ್ಯಾಪ್ಸೂಲಲ್ಲಿ ಏನಿದೆ ಅಂದ್ರೆ ಡಿ3 400 ಐಯು, ಮಿಲ್ಕ್ ಥಿಸಲ್ ಎಕ್ಸ್‌ಟ್ರಾಕ್ಟ್, ನೆಲನೆಲ್ಲಿ, ಕಟುಕರೋಹಿಣಿ, ಅರಿಶಿನದ ಕರ್ಕ್ಯುಮಿನ್, ಕೊನೇಲಿ ಕಾಳುಮೆಣಸಿನ ಪೈಪರೀನ್ 20 ಮಿಲಿಗ್ರಾಂ. ದಿನಕ್ಕೊಂದು ತಗೊಳ್ಳಿ ಅಂತಾರೆ. 60 ಕ್ಯಾಪ್ಸೂಲಿನ ಬಾಟ್ಲಿ ಪೂರ್ತಿ ಮುಗಿಸಿದ್ರೂ ಒಳಗೆ ಹೋಗೋದು 24,000 ಐಯು. ಡಾಕ್ಟ್ರು ವಾರಕ್ಕೊಂದು ಅಂತ ಬರ್ಕೊಡೋ ಸ್ಯಾಷೆ ಇದ್ಯಲ್ಲ, ಅದ್ರಲ್ಲಿ ಒಂದರಲ್ಲೇ 60,000 ಇರತ್ತೆ. ಹಾಗಾಗಿ 11 ಇರೋರಿಗೆ ಇದರಿಂದ ಕೊರತೆ ತುಂಬೋದು ಕಷ್ಟ, ಬೆಲೆ ನೋಡಿದ್ರೆ ಇನ್ನೂ ಬೇಜಾರು.

ಇನ್ನು ಲಿವರ್ ವಿಷಯ, ನಂಗೆ ಮುಖ್ಯ ಅನ್ಸಿದ್ದು ಇದೇ. ಬಿಸಿಲಿಂದ ಚರ್ಮದಲ್ಲಿ ಆಗೋ ಡಿ3 ಆಗ್ಲಿ ಮಾತ್ರೆದಾಗ್ಲಿ ಮೊದ್ಲು ಲಿವರಿಗೆ ಹೋಗತ್ತೆ, ಅಲ್ಲಿ ಮುಖ್ಯವಾಗಿ ಸಿವೈಪಿ2ಆರ್1 ಅನ್ನೋ ಎಂಜೈಮು ಅದನ್ನ 25-ಹೈಡ್ರಾಕ್ಸಿ ವಿಟಮಿನ್ ಡಿ ಮಾಡತ್ತೆ, ನಾವು ಲ್ಯಾಬಲ್ಲಿ ದುಡ್ಡು ಕೊಟ್ಟು ಟೆಸ್ಟ್ ಮಾಡ್ಸೋದು ಅದನ್ನೇ, ಆಮೇಲೆ ಕಿಡ್ನೀಲಿ ಅದು ಕೊನೇ ರೂಪಕ್ಕೆ ಬಂದು ಕ್ಯಾಲ್ಸಿಯಂ ಹೀರೋ ಕೆಲಸಕ್ಕೆ ನಿಲ್ಲತ್ತೆ. ಲಿವರ್ ಚೆನ್ನಾಗಿರೋರಲ್ಲಿ ಈ ಮೊದಲ್ನೇ ಹಂತ ತನ್ನಷ್ಟಕ್ಕೆ ಆಗತ್ತೆ, ಯಾರೂ ಆಕ್ಟಿವೇಟ್ ಮಾಡ್ಬೇಕಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಕಮ್ಮಿ ಆಗೋದು ಬಿಸಿಲಿಗೆ ಮೈ ಒಡ್ಡದೇ ಇರೋದ್ರಿಂದ.

ಆದ್ರೆ ಲಿವರಲ್ಲಿ ವಿಟಮಿನ್ ಡಿ ಒಡೆದು ಹೊರಗೆ ಹಾಕೋ ಎಂಜೈಮುಗಳೂ ಇದಾವೆ, ಅದ್ರಲ್ಲೊಂದು ಸಿವೈಪಿ3ಎ4. ಅತ್ತೆ ಬಹಳ ವರ್ಷದಿಂದ ಫಿಟ್ಸಿಗೆ ಫೆನಿಟೋಯಿನ್ ತಗೋತಾರೆ, ಆ ಮಾತ್ರೆ ಈ ಒಡೆಯೋ ಎಂಜೈಮನ್ನ ಜಾಸ್ತಿ ಮಾಡತ್ತೆ, ಹಾಗಾಗಿ ಅವರಿಗೆ ಡಿ ಕಮ್ಮಿ ಬರೋದ್ರಲ್ಲಿ ಆ ಮಾತ್ರೇದೂ ಪಾಲಿದೆ. ಟಿಬಿ ಮಾತ್ರೆ ರಿಫಾಂಪಿಸಿನ್ನೂ ಹಾಗೇ. ಗಿಡಮೂಲಿಕೆಗಳಲ್ಲಿ ವಿದೇಶದಲ್ಲಿ ಮನಸ್ಸಿನ ಬೇಜಾರಿಗೆ ತಗೊಳ್ಳೋ ಸೇಂಟ್ ಜಾನ್ಸ್ ವರ್ಟ್ ಕೂಡ ಇದೇ ಎಂಜೈಮನ್ನ ಏರಿಸತ್ತೆ.

ಪೈಪರೀನ್ ಇದಕ್ಕೆ ಉಲ್ಟಾ, ತಡೆಯೋ ಕಡೇದು. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ 20 ಮಿಲಿಗ್ರಾಂ ಪೈಪರೀನ್ ಜೊತೆ ಕೊಟ್ರೆ ಕರ್ಕ್ಯುಮಿನ್ ದೇಹಕ್ಕೆ ಸೇರೋದು 2000% ಹೆಚ್ಚತ್ತೆ ಅಂತ ತೋರಿಸಿದ್ರು, ಅದಕ್ಕೇ ಬಹಳಷ್ಟು ಅರಿಶಿನದ ಕ್ಯಾಪ್ಸೂಲಲ್ಲಿ ಈಗ ಮೆಣಸು ಹಾಕೋದು. ಆದ್ರೆ ಮೆಣಸಿಗೆ ಅರಿಶಿನ ಯಾವ್ದು ಮಾತ್ರೆ ಯಾವ್ದು ಅಂತ ಗೊತ್ತಾಗಲ್ವಲ್ಲ, ಫೆನಿಟೋಯಿನ್ ಕೂಡ ರಕ್ತದಲ್ಲಿ ಏರತ್ತೆ, ಮನುಷ್ಯರ ಮೇಲೇ ಟೆಸ್ಟ್ ಮಾಡಿ ನೋಡಿದಾರೆ. ಫೆನಿಟೋಯಿನ್ 10ರಿಂದ 20ರ ಒಳಗಿದ್ರೆ ಸರಿ, ಸ್ವಲ್ಪ ದಾಟಿದ್ರೂ ನಡೆಯೋವಾಗ ತೂರಾಡೋದು, ಕಣ್ಣು ಅಲುಗಾಡೋದು, ಮಂಪರು ಶುರುವಾಗತ್ತೆ. ವಯಸ್ಸಾದವ್ರು ಬಚ್ಚಲಲ್ಲಿ ಜಾರಿಬಿದ್ರೆ ಏನು ಗತಿ ಹೇಳಿ. ಸಾರಿಗೆ ಹಾಕೋ ಮೆಣಸೇ ತಾನೇ ಅಂತ ಅನ್ಸತ್ತೆ, ಆದ್ರೆ ಸಾರು ಯಾವಾಗಲೋ ಒಂದಿನ, ಇದು ದಿನಾ ಬೆಳಿಗ್ಗೆ ಮಾತ್ರೆ ಜೊತೆಗೇ ಅಳತೆ ಮಾಡಿದ ಡೋಸು.

ಅತ್ತೆ ಮಾಮೂಲಿ ಚೆಕಪ್ಪಿಗೆ ಹೋದಾಗ ಬಾಟ್ಲಿ ಕೈಚೀಲದಲ್ಲಿತ್ತು, ನರದ ಡಾಕ್ಟ್ರು ಹಿಂದಿನ ಲೇಬಲ್ ಓದಿ ಪೈಪರೀನ್ ಮೇಲೆ ಪೆನ್ನಲ್ಲಿ ಗೆರೆ ಎಳೆದು "ಅಮ್ಮಾ ಇದು ಇವತ್ತಿಂದ ಬೇಡ" ಅಂದ್ರು, ಫೆನಿಟೋಯಿನ್ ಲೆವೆಲ್ಲಿಗೆ ಬರೆದ್ರು. ಪುಣ್ಯಕ್ಕೆ ನಾರ್ಮಲ್ ಬಂತು. ಈಗ ಸ್ಯಾಷೆನೇ, ಊಟ ಆದ್ಮೇಲೆ ಹಾಲಲ್ಲಿ.

ನೆಲನೆಲ್ಲಿ ಮೇಲೆ ನಂಗೆ ಗೌರವ ಇದೆ, ನಮ್ಮೂರ ಕಡೆ ಕಾಮಾಲೆಗೆ ಕೊಡೋದು ನೋಡ್ಕೊಂಡೇ ಬೆಳೆದೋಳು. ಆದ್ರೆ ಇವರ ವೆಬ್‌ಸೈಟ್ ಪೂರ್ತಿ ಓದಿದೆ, ಇದನ್ನ ತಗೊಂಡೋರ ವಿಟಮಿನ್ ಡಿ ಮೊದ್ಲೆಷ್ಟಿತ್ತು ಆಮೇಲೆಷ್ಟಾಯ್ತು ಅಂತ ಒಂದು ಸಾಲೂ ಇಲ್ಲ. ಅರಿಶಿನ-ಮೆಣಸಿನ ಕ್ಯಾಪ್ಸೂಲಿಂದ ಕೆಲವರಿಗೆ ಲಿವರಿಗೇ ಏಟು ಬಿದ್ದು ಕಾಮಾಲೆ ಆದದ್ದು ಅಮೆರಿಕದ ಡಾಕ್ಟ್ರುಗಳು 2022ರಲ್ಲಿ ಬರೆದಿದಾರೆ, ಲಿವರ್ ಸಪೋರ್ಟ್ ಅಂತ ಮಾರೋ ಬಾಟ್ಲಿ ಮೇಲೆ ಅದರ ಸುದ್ದಿಯೇ ಇಲ್ಲ.

ಕಂಪ್ನಿಯವ್ರಿಗೆ ಮೇಲ್ ಹಾಕಿದೀನಿ, "ಫಿಟ್ಸ್, ಟಿಬಿ ಮಾತ್ರೆ ತಗೊಳ್ಳೋರು, ಕಿಡ್ನಿ ಕಸಿ ಮಾಡಿಸ್ಕೊಂಡೋರು ಡಾಕ್ಟ್ರನ್ನ ಕೇಳಿ" ಅಂತ ಮುಂದುಗಡೆನೇ ಪ್ರಿಂಟ್ ಮಾಡಿ ಅಂತ. ಇನ್ನೂ ಉತ್ತರ ಬಂದಿಲ್ಲ. ತಗೋಬೇಕು ಅಂತಿರೋರು ಬಾಟ್ಲಿಯ ಹಿಂಭಾಗದ ಫೋಟೋ ತೆಗೆದು ಮೊದ್ಲು ನಿಮ್ಮ ಡಾಕ್ಟ್ರಿಗೆ ತೋರ್ಸಿ.