ಹಂಚಿನ ಮಾಡು, ತಗಡಿನ ಮಾಡು: ಹಿತ್ತಿಲ ಶೆಡ್ಡಿನ ಹೋಲಿಕೆ

ಶೆಡ್ಡಿನ ಮಾಡಿಗೆ, ಅಂದರೆ ಚಾವಣಿಗೆ, ಹಂಚೋ ತಗಡೋ ಎಂದರೆ ನನ್ನ ಮತ ಹಂಚಿಗೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಓದುವವರಿಗೆ ಅನುಕೂಲ. ತಗಡಿನ ಶೀಟಿನ ಬಗ್ಗೆ ನಾನು ಒಳ್ಳೆಯ ಮಾತಾಡಿದಾಗ ಅದನ್ನು ಹೆಚ್ಚು ನಂಬಬಹುದು, ಕೆಟ್ಟ ಮಾತಾಡಿದಾಗ ಸ್ವಲ್ಪ ಕಡಿಮೆ ನಂಬಬಹುದು.

ಅಂಕೋಲೆಯ ಸುತ್ತಮುತ್ತ ಈಗ ಮನೆಯಿಂದ ಬಿಟ್ಟು ಒಂದು ಶೆಡ್ ಕಟ್ಟುತ್ತೇನೆ ಎಂದರೆ ಮೇಸ್ತ್ರಿಯಿಂದ ಹಿಡಿದು ಹಾರ್ಡ್‌ವೇರ್ ಅಂಗಡಿಯವರವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಶೀಟ್ ಹಾಕಿಸಿ, ತಲೆನೋವಿಲ್ಲ. ಕಾರು ನಿಲ್ಲಿಸುವುದಕ್ಕಾದರೆ ಆ ಮಾತು ಸರಿ. ಒಳಗೆ ಗರಗಸ, ಉಳಿ, ಕೀಸುಳಿ ಇಟ್ಟುಕೊಂಡು ಮರಗೆಲಸ ಮಾಡುವವರಿಗೆ ಸರಿಯಲ್ಲ. ನಮ್ಮ ಕರಾವಳಿಯಲ್ಲಿ ಮಾಡು ಆಯ್ಕೆ ಮಾಡುವಾಗ ಎಲ್ಲರೂ ಆಷಾಢದ ಮಳೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳುತ್ತಾರೆ. ಮಳೆಯನ್ನು ಎರಡೂ ತಡೆಯುತ್ತವೆ. ಉಪಕರಣಗಳನ್ನು ಹಾಳು ಮಾಡುವುದು ಜನವರಿಯ ಇಬ್ಬನಿ.

ನನ್ನ ಶೆಡ್ಡಿಗೆ ಎರಡು ಬಗೆಯ ಮಾಡು ಇದೆ. ಮುಂದಿನ ಅರ್ಧವನ್ನು ಕಾರಿಗೆಂದು ಮೊದಲು ಕಟ್ಟಿಸಿದ್ದು. ಅದಕ್ಕೆ ಬಣ್ಣದ ತಗಡಿನ ಶೀಟು. ಕೆಲಸದ ಮೇಜು, ಯಂತ್ರಗಳು ಕೆಲವು ವರ್ಷ ಅಲ್ಲೇ ಕಾರಿನ ಜೊತೆ ಜಾಗಕ್ಕೆ ಜಗಳವಾಡಿಕೊಂಡು ಇದ್ದವು. ಆಮೇಲೆ ಹಿಂದಕ್ಕೆ ಇನ್ನರ್ಧ ಸೇರಿಸಿದೆ. ಅದಕ್ಕೆ ಮಂಗಳೂರು ಹಂಚು. ಎರಡಕ್ಕೂ ಅದೇ ಚಿರೆಕಲ್ಲಿನ ಗೋಡೆ, ಅದೇ ಸಿಮೆಂಟಿನ ನೆಲ, ಅದೇ ಸಮುದ್ರದ ಗಾಳಿ. ಆದ್ದರಿಂದ ವ್ಯತ್ಯಾಸ ಕಂಡರೆ ಅದು ಮಾಡಿನದೇ.

ಶೀಟಿನ ಅಡಿಯಲ್ಲಿ ಮಳೆಗಾಲ ಯಾವ ತಕರಾರೂ ಇಲ್ಲದೆ ಕಳೆಯುತ್ತದೆ. ತುಕ್ಕು ಬರುವುದು ಆಗಲೂ ಬರುತ್ತದೆ. ಆದರೆ ಅದು ಹೇಳಿ ಬರುವ ತುಕ್ಕು. ಜೂನ್ ಬಂತೆಂದರೆ ಎಲ್ಲದಕ್ಕೂ ಎಣ್ಣೆ ಒರೆಸಿ ಇಡುತ್ತೇವೆ. ದೀಪಾವಳಿ ಮುಗಿದು ಆಕಾಶ ತಿಳಿಯಾದಾಗ, ಇನ್ನು ಭಯವಿಲ್ಲ ಎಂದು ಎಣ್ಣೆ ಬಟ್ಟೆಯನ್ನು ಬದಿಗಿಟ್ಟ ಹೊತ್ತಿನಲ್ಲಿ ತೊಂದರೆ ಶುರುವಾಗುತ್ತದೆ. ಬೆಳಗಿನ ಜಾವ ಬಾಗಿಲು ತೆರೆದರೆ ಟೇಬಲ್ ಗರಗಸದ (ಮೇಜಿನ ನಡುವೆ ಬ್ಲೇಡ್ ತಿರುಗುವ ಯಂತ್ರದ) ಬೀಡುಕಬ್ಬಿಣದ ಹಾಸಿನ ಮೇಲೆ ನೀರಿನ ಹನಿಗಳು. ಎರಡು ದಿನ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಎಂಟಾಣೆಯಷ್ಟು ಅಗಲದ ಕೆಂಪು ಕಲೆ. ಮಾಡು ಸೋರುತ್ತಿದೆ ಎಂದು ಯಾರಾದರೂ ಅಂದುಕೊಳ್ಳಬೇಕು, ಆದರೆ ಮಳೆ ಬಂದು ತಿಂಗಳುಗಳೇ ಆಗಿರುತ್ತವೆ.

ಕಾರಣ ಸರಳ. ಮೋಡವಿಲ್ಲದ ರಾತ್ರಿ ತಗಡು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಸೂಸಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿ 20 ಡಿಗ್ರಿ ಸೆಲ್ಸಿಯಸ್ ಇದ್ದು ಅದರ ತೇವಾಂಶ ಶೇಕಡಾ 90 ಆಗಿದ್ದರೆ, ಸುಮಾರು 18 ಡಿಗ್ರಿಗೆ ಇಳಿದ ಯಾವುದರ ಮೇಲಾದರೂ ನೀರು ಕಟ್ಟುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಶೀಟಿಗೆ ಆ ಎರಡು ಡಿಗ್ರಿ ಇಳಿಯುವುದು ಏನೂ ಕಷ್ಟವಲ್ಲ. ಹೊರಮೈ ಮೇಲೆ ಇಬ್ಬನಿ ಬಿದ್ದಂತೆ ಒಳಮೈಗೂ ಬೆವರು ಬರುತ್ತದೆ. ಆ ಬೆವರು ಇಳಿಜಾರಿನಲ್ಲಿ ಜಾರುತ್ತಾ ಬಂದು, ಶೀಟನ್ನು ಹೊತ್ತ ಅಡ್ಡ ಪೈಪಿಗೆ ತಾಗಿ, ಅಲ್ಲಿಂದ ಸಾಲಾಗಿ ತೊಟ್ಟಿಕ್ಕುತ್ತದೆ. ನನ್ನ ಗರಗಸ ನಿಂತಿದ್ದುದು ಅಂಥ ಒಂದು ಪೈಪಿನ ಸರಿ ಕೆಳಗೆ. ಸರಿಸಿದರೆ ಮುಂದಿನ ಪೈಪಿನ ಕೆಳಗೆ ಹೋಗುತ್ತದೆ, ಇಲ್ಲವೇ ಕಾರಿನ ಬಾಗಿಲು ತೆರೆಯುವುದಿಲ್ಲ.

ಸಮುದ್ರದ ಉಪ್ಪು ಇದಕ್ಕೆ ಒಗ್ಗರಣೆ. ಗಾಳಿಯಲ್ಲಿ ತೇವ ಶೇಕಡಾ 75 ದಾಟಿತೆಂದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ. ಹಾಸಿನ ಮೇಲೆ ಕೂತ ಕಣ್ಣಿಗೆ ಕಾಣದ ಉಪ್ಪಿನ ಮೇಲೆ ಶುದ್ಧ ಇಬ್ಬನಿಯ ಹನಿ ಬಿದ್ದರೆ ಅದು ಉಪ್ಪುನೀರೇ ಆಗುತ್ತದೆ.

ಇದಕ್ಕೆ ಮದ್ದು ಹುಡುಕಿದ ಕಥೆ ಸ್ವಲ್ಪ ಉದ್ದ. ಯಂತ್ರದ ಮೇಲೆ ಟಾರ್ಪಾಲು ಹೊದಿಸಿದರೆ ಹನಿ ನಿಂತಿತು, ಆದರೆ ಒಳಗೆ ಸೆರೆಸಿಕ್ಕ ತೇವ ಹೊರಗೆ ಹೋಗದೆ ಇಡೀ ಹಾಸಿಗೆ ಒಂದೇ ಸಮನೆ ತುಕ್ಕು ಹಿಡಿಯಿತು. ಹಳೆಯ ಹತ್ತಿ ಬೆಡ್‌ಶೀಟು ಅದಕ್ಕಿಂತ ಎಷ್ಟೋ ವಾಸಿ. ಶೀಟಿನ ಅಡಿಗೆ ಥರ್ಮೋಕೋಲ್ ಅಂಟಿಸಿದರೆ ಅದರ ಸಂದಿಯಲ್ಲಿ ಗಾಳಿ ನುಗ್ಗಿ, ನೀರು ಅದರ ಬೆನ್ನಿಗೆ ಕಟ್ಟಿ, ತುಂಡುಗಳು ಒಂದೊಂದಾಗಿ ಕಳಚಿ ಬಿದ್ದವು. ಬೆಳ್ಳಿಬಣ್ಣದ ಗುಳ್ಳೆಹಾಳೆಯನ್ನು ಅಂಗಡಿಯವರು ಬಹಳ ಹೊಗಳಿ ಕೊಟ್ಟರು. ಶೀಟು ಹೊದಿಸುವ ಮೊದಲೇ ಅದನ್ನು ಬಿಗಿಯಾಗಿ ಎಳೆದು, ಜೋಡಣೆಗಳಿಗೆಲ್ಲ ಟೇಪು ಹಚ್ಚಿದರೆ ಅದು ಕೆಲಸ ಮಾಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಮಾಡು ಮುಗಿದ ಮೇಲೆ ಕೆಳಗಿನಿಂದ ತಂತಿ ಕಟ್ಟಿ ಕೂರಿಸಿದರೆ ಜೋತು ಬೀಳುತ್ತದೆ. ಮೊದಲು ಹತ್ತು ಕಡೆ ಬೀಳುತ್ತಿದ್ದ ನೀರು ಆಗ ಜೋತ ಜಾಗದಲ್ಲಿ ಸೇರಿ ಒಂದೇ ಕಡೆ ಸುರಿಯುತ್ತದೆ. ಆ ಒಂದು ಕಡೆಗೆ ಬಕೆಟ್ ಇಟ್ಟುಕೊಂಡು ಒಂದು ಚಳಿಗಾಲ ಕಳೆದದ್ದೂ ಆಯಿತು.

ಗಾಳಿಗೆ ತಾನೇ ತಿರುಗುವ ವೆಂಟಿಲೇಟರ್ ಹಾಕಿದರೆ ಮಧ್ಯಾಹ್ನದ ಸೆಕೆಗೆ ಒಳ್ಳೆಯದು. ಬೆಳಗಿನ ಜಾವ ಗಾಳಿಯೇ ಇಲ್ಲದಾಗ ಅದು ತಿರುಗುವುದೂ ಇಲ್ಲ.

ಹಂಚಿನ ಅರ್ಧದಲ್ಲಿ ಈ ರಗಳೆ ಹುಟ್ಟುವುದೇ ಇಲ್ಲ. ಹಂಚೂ ರಾತ್ರಿ ತಣ್ಣಗಾಗುತ್ತದೆ, ಅದರ ಅಡಿಗೂ ತೇವ ಕೂರುತ್ತದೆ. ಆದರೆ ಸುಟ್ಟ ಮಣ್ಣಿಗೆ ಹೀರುವ ಗುಣವಿದೆ. ಹನಿಯಾಗಿ ಜಾರುವ ಮೊದಲೇ ಒಳಗೆ ಎಳೆದುಕೊಂಡು, ಬಿಸಿಲೇರಿದ ಮೇಲೆ ಗಾಳಿಗೆ ಬಿಟ್ಟುಕೊಡುತ್ತದೆ. ಜೊತೆಗೆ ಹಂಚು ಹಂಚಿನ ನಡುವಿನ ಸಂದಿಗಳಿಂದ ಗಾಳಿ ಸದಾ ಆಡುತ್ತಿರುತ್ತದೆ. ಅದೇ ಗರಗಸ ಈಗ ಹಂಚಿನ ಕೆಳಗಿದೆ. ಚಳಿಗಾಲದಲ್ಲಿ ಅದರ ಮೇಲೆ ಹೊದಿಕೆಯೂ ಇಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ನನ್ನ ಟೇಬಲ್ ಗರಗಸ ಅವರ ಮನಸ್ಸಿನಲ್ಲಿ ಇರಲಿಲ್ಲ ಎಂಬುದು ನಿಜ, ಆದರೂ ನಾನು ಅವರಿಗೆ ಋಣಿ.

ಹಂಚಿನ ವಿರುದ್ಧ ಹೇಳಲು ಏನೂ ಇಲ್ಲವೆಂದಲ್ಲ. ಮೊದಲನೆಯದು ತೂಕ. ಒಂದು ಚದರ ಮೀಟರಿಗೆ ಹದಿನೈದರಷ್ಟು ಹಂಚು, ಒಂದೊಂದೂ ಎರಡೂವರೆ ಕಿಲೋ ಆಸುಪಾಸು. ಅಲ್ಲಿಗೆ ನಲವತ್ತು ಕಿಲೋ ಹತ್ತಿರ ಹತ್ತಿರ. ಅಷ್ಟೇ ಜಾಗದ ಶೀಟು ನಾಲ್ಕೈದು ಕಿಲೋ. ಹಾಗಾಗಿ ಶೀಟಿಗೆ ಸಾಕಾಗುವ ಪೈಪಿನ ಚೌಕಟ್ಟು ಹಂಚಿಗೆ ಸಾಲದು. ಪಕಾಸಿ (ಮಾಡು ಹೊರುವ ಇಳಿಜಾರು ತೊಲೆ), ರೀಪು (ಹಂಚು ಕೂರುವ ಅಡ್ಡ ಪಟ್ಟಿ) ಎಲ್ಲ ಗಟ್ಟಿಯಾಗಿರಬೇಕು, ಮಾಡು ಕಡಿದಾಗಿರಬೇಕು. ಇಳಿಜಾರು ಕಡಿಮೆಯಾದರೆ ನೀರು ಹಿಂದಕ್ಕೆ ಹರಿದು ಒಳಗೆ ಬರುತ್ತದೆ. ಊರಿನಲ್ಲಿ ಕೆಡವಿದ ಹಳೆಯ ಮನೆಯೊಂದರ ಮತ್ತಿ ಮರದ ಪಕಾಸಿಗಳು ಮತ್ತು ಹಂಚುಗಳು ಒಟ್ಟಿಗೇ ಸಿಕ್ಕಿದ್ದರಿಂದ ನನ್ನ ಖರ್ಚು ಶೀಟಿನ ಭಾಗಕ್ಕೆ ಆದದ್ದಕ್ಕಿಂತ ಬಹಳ ಹೆಚ್ಚಾಗಲಿಲ್ಲ. ಎಲ್ಲರೂ ಟೆರೇಸ್ ಮನೆ ಕಟ್ಟುತ್ತಿರುವ ಕಾಲದಲ್ಲಿ ಹಳೆಯ ಹಂಚಿಗೆ ಬರವಿಲ್ಲ. ಹೊಸ ಮರ, ಹೊಸ ಹಂಚು ಎಂದು ಹೊರಟರೆ ಲೆಕ್ಕ ಬೇರೆಯೇ ಆಗುತ್ತದೆ, ಆಗ ನನ್ನ ಮಾತು ಕೇಳಬೇಡಿ. ರೀಪಿಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಕಿದರೆ ಅಗ್ಗ; ಒರಲೆ (ಗೆದ್ದಲು) ಹತ್ತಿದರೆ ಅದೇ ದುಬಾರಿ.

ಎರಡನೆಯದು ಮಂಗ. ನನ್ನ ಅಕ್ಕನ ಮನೆ ಶಿರಸಿ ಕಡೆ, ತೋಟದ ಅಂಚಿನಲ್ಲಿ. ಭಾವನ ಬಳಿ ಹಂಚಿನ ಮಾತೆತ್ತಿದರೆ ಸಾಕು, ನಗುತ್ತಾರೆ. "ನಿನ್ನ ಊರಿನ ಮಂಗಗಳಿಗೆ ಮಾಡಲು ಬೇರೆ ಕೆಲಸ ಇರಬೇಕು ಮಾರಾಯ. ಇಲ್ಲಿ ಬಾಳೆಗೊನೆ ಮುಗಿದ ಮೇಲೆ ಹಂಚೇ ಅವುಗಳ ಆಟದ ಸಾಮಾನು" ಎನ್ನುತ್ತಾರೆ. ಸುಳ್ಳಲ್ಲ. ಅವರ ಕೊಟ್ಟಿಗೆಯ ಮಾಡಿನ ಮೇಲೆ ಮಂಗಗಳ ಹಿಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರಿ ಹೋದ ಮೇಲೆ ಹಂಚು ಎಣಿಸುತ್ತಾ ಕೂರಬೇಕು. ಮಲೆನಾಡಿನ ಹಂಚಿನ ಮನೆಗಳೆಲ್ಲ ಶೀಟಿಗೆ ತಿರುಗಿದ್ದಕ್ಕೆ ಮಂಗಗಳ ಪಾಲು ಸಣ್ಣದಲ್ಲ. ಇಬ್ಬನಿ ಅಲ್ಲಿ ನಮ್ಮಲ್ಲಿಗಿಂತ ಜೋರು, ಭಾವನ ಶೀಟಿನ ಶೆಡ್ಡಿನಲ್ಲಿ ಬೆಳಗಿನ ಹೊತ್ತು ತೊಟ್ಟಿಕ್ಕುವುದೂ ನಮ್ಮಲ್ಲಿಗಿಂತ ಜೋರು. ಆದರೆ ಅವರು ಅಲ್ಲಿ ಇಡುವುದು ಅಡಿಕೆ ಹಾಳೆ, ದೋಟಿ (ಕಾಯಿ ಕೀಳುವ ಉದ್ದ ಕೋಲು), ಏಣಿ. ಅವುಗಳಿಗೆ ತುಕ್ಕಿನ ಚಿಂತೆಯಿಲ್ಲ. ನಮ್ಮಲ್ಲಿ ಮಂಗ ಬರುವುದು ಅಪರೂಪ. ತೆಂಗಿನಕಾಯಿ ಬೀಳುವುದು ಅಪರೂಪವಲ್ಲ. ಅದಕ್ಕೆ ಮಾಡಿನ ಮೇಲೆ ಬಾಗಿದ ಒಂದು ಮರದ ಕಾಯಿಗಳನ್ನು ಬಲಿಯುವ ಮೊದಲೇ ಸೀಯಾಳಕ್ಕೆಂದು ಇಳಿಸುತ್ತೇವೆ.

ಮೂರನೆಯದು, ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಬೇಕು. ಅದಕ್ಕೆ ಬರುವವರು ಈಗ ಕಡಿಮೆ. ಮೇಲೆ ಹತ್ತಿ ಒಡೆದದ್ದನ್ನು ಬದಲಿಸುವಷ್ಟು ಕಾಲು ನನ್ನಲ್ಲಿ ಇನ್ನೂ ಇದೆ. ಇಲ್ಲದವರು ಯೋಚಿಸಬೇಕಾದ ಮಾತು ಇದು.

ಜುಲೈಯ ಪಡುವಣ ಗಾಳಿಗೆ ಹಂಚಿನ ಸಂದಿಯಿಂದ ತುಂತುರು ನುಗ್ಗುವುದು ನಿಜ. ಕೆಲಸದ ಮೇಜಿನ ಮೇಲ್ಭಾಗಕ್ಕೆ ಮಾತ್ರ ಒಳಪದರವಾಗಿ ಚಪ್ಪಟೆ ಸೀಲಿಂಗ್ ಹಂಚು ಹಾಕಿಸಿದೆ. ತುಂತುರೂ ನಿಂತಿತು, ಇಲಿ ಕೆಡಹುವ ಕಸವೂ ನಿಂತಿತು. ಪಡುವಣ ದಿಕ್ಕಿನ ಕಿಟಕಿಗೆ ಮಳೆಗಾಲದಲ್ಲಿ ಮಡಲ ತಟ್ಟಿ (ಹೆಣೆದ ತೆಂಗಿನ ಗರಿ) ಕಟ್ಟುತ್ತೇನೆ. ನೋಡಲು ಚಂದವಿಲ್ಲ ಎಂದು ಮನೆಯವರ ಅಭಿಪ್ರಾಯ.

ಸದ್ದಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶೀಟಿನ ಮೇಲೆ ಜೋರು ಮಳೆ ಬಿದ್ದಾಗ ಪಕ್ಕದಲ್ಲಿ ನಿಂತವರ ಮಾತು ಕೇಳದು ಎಂಬುದು ಎಲ್ಲರಿಗೂ ಗೊತ್ತು. ಮರಗೆಲಸದವರಿಗೆ ಅದಕ್ಕಿಂತ ಮುಖ್ಯವಾದದ್ದು, ಗರಗಸದ ಮೋಟಾರಿನ ಸದ್ದು ಬದಲಾದದ್ದೂ ಕೇಳದು. ಮರದಲ್ಲಿ ಗಂಟು ಸಿಕ್ಕಿದಾಗ, ಬ್ಲೇಡ್ ಬಿಗಿಹಿಡಿದಾಗ ಮೊದಲು ತಿಳಿಯುವುದು ಕಿವಿಗೆ. ಅಂಥ ಮಳೆಯಲ್ಲಿ ಶೀಟಿನ ಕೆಳಗೆ ನಾನು ಯಂತ್ರ ಹಚ್ಚುತ್ತಿರಲಿಲ್ಲ.

ಶೀಟಿನ ಸ್ಕ್ರೂಗಳ ಬಗ್ಗೆ ಮಾತ್ರ ಹೇಳಲೇಬೇಕು. ಈಗಿನ ಒಳ್ಳೆಯ ಶೀಟಿನ ಲೇಪದಲ್ಲಿ ಅಲ್ಯೂಮಿನಿಯಂ ಶೇಕಡಾ 55, ಉಳಿದದ್ದು ಬಹುಪಾಲು ಸತು. ಅದು ಬಾಳುತ್ತದೆ. ಬಾಳದಿರುವುದು ಅದನ್ನು ಹಿಡಿದ ಸ್ಕ್ರೂ. ನನ್ನ ಶೀಟಿನಲ್ಲಿ ಬಣ್ಣ ಇನ್ನೂ ಹೊಸದರಂತಿದ್ದರೂ ಸ್ಕ್ರೂ ತಲೆಗಳು ಕೆಂಪಾಗಿ, ರಬ್ಬರ್ ವಾಷರ್ ಸೆಟೆದು, ಸುತ್ತಲೂ ಕಂದು ಗೆರೆ ಇಳಿದಿದೆ. ಸಮುದ್ರದ ಸಮೀಪದ ಜಾಗಗಳಿಗೆ ವಾರಂಟಿ ಅನ್ವಯಿಸದು ಎಂದು ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇತ್ತು. ಕರಾವಳಿಯಲ್ಲಿ ಮಾರುವ ಮಾಲಿಗೆ ಅದನ್ನು ಮುಂಬದಿಯಲ್ಲಿ ಅಚ್ಚು ಹಾಕಿದರೆ ಏನು ಕಳೆದುಕೊಳ್ಳುತ್ತಿದ್ದರೋ.

ಉಳಿದ ಮಾಡುಗಳು ಎರಡು ಮಾತಿನಲ್ಲಿ. ಸಿಮೆಂಟ್ ಶೀಟು ಅಗ್ಗ, ತೊಟ್ಟಿಕ್ಕುವುದೂ ತಗಡಿಗಿಂತ ಕಡಿಮೆ. ಆದರೆ ಆಸ್ಬೆಸ್ಟಾಸ್ ಇರುವುದನ್ನು ಕೊರೆದಾಗ, ಕತ್ತರಿಸಿದಾಗ ಏಳುವ ಧೂಳು ಕ್ಯಾನ್ಸರ್‌ಕಾರಕ, ಆದ್ದರಿಂದ ಮನೆಯ ಹಿತ್ತಿಲಿಗೆ ಬೇಡ. ಎರಡು ತಗಡಿನ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಇಬ್ಬನಿ, ಸೆಕೆ, ಸದ್ದು ಮೂರಕ್ಕೂ ಉತ್ತರ, ನನ್ನ ಕಿಸೆಗೆ ಪ್ರಶ್ನೆ.

ಮಾಡು ಯಾವುದಾದರೂ ನೆಲ ಸರಿಯಿರಬೇಕು. ಕಾಂಕ್ರೀಟ್ ಹಾಕುವ ಮೊದಲು ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಮಣ್ಣಿನ ತೇವ ಮೇಲೇರುತ್ತದೆ, ಆಗ ಹಂಚಿನ ಗುಣಗಾನ ವ್ಯರ್ಥ. ಇನ್ನು ಮರದ ವಿಷಯ: ತೇವಾಂಶ ಶೇಕಡಾ 65 ಇರುವಲ್ಲಿ ಮರ ತನ್ನೊಳಗೆ ಶೇಕಡಾ 12ರಷ್ಟು ನೀರು ಇಟ್ಟುಕೊಂಡರೆ, ಶೇಕಡಾ 90 ಇರುವಲ್ಲಿ 20ರಷ್ಟು ಇಟ್ಟುಕೊಳ್ಳುತ್ತದೆ. ಆಗಸ್ಟ್‌ನಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರ್ ಫೆಬ್ರವರಿಯಲ್ಲಿ ಗಲಗಲ ಎನ್ನುವುದಕ್ಕೆ ಹಂಚೂ ಮದ್ದಲ್ಲ, ಶೀಟೂ ಮದ್ದಲ್ಲ.

ಹಂಚಿಗೆ ನಾನು ಇಷ್ಟು ಅಂಟಿಕೊಂಡಿರುವುದಕ್ಕೆ ನನ್ನ ಅಭ್ಯಾಸವೂ ಕಾರಣ. ಕಚೇರಿಗೆ ಹೊರಡುವ ಮುಂಚೆ, ಬೆಳಗಿನ ಹೊತ್ತು ನನ್ನ ಮರಗೆಲಸ. ಶೀಟು ತೊಟ್ಟಿಕ್ಕುವುದೂ ಸರಿಯಾಗಿ ಅದೇ ಹೊತ್ತಿಗೆ. ಸಂಜೆ ಕೆಲಸ ಮಾಡಿ, ಎಲ್ಲವನ್ನೂ ಕಪಾಟಿನಲ್ಲಿ ಇಟ್ಟು ಬಾಗಿಲು ಹಾಕುವವರಿಗೆ, ಎತ್ತಿಡಲಾಗದ ಭಾರದ ಯಂತ್ರಗಳಿಲ್ಲದವರಿಗೆ ಶೀಟು ಸಾಕು. ಅವರು ಶೀಟು ಹೊದಿಸುವ ದಿನವೇ ಅಡಿಗೆ ಆ ಗುಳ್ಳೆಹಾಳೆ ಎಳೆಸಲಿ, ಆಮೇಲೆ ಬೇಡ. ಮಂಗಗಳ ಊರಿನವರಿಗೆ ಭಾವನ ಮಾತೇ ಸರಿ.

ಮುಂದಿನ ಅರ್ಧದ ಶೀಟನ್ನು ತೆಗೆಯುವ ಯೋಚನೆ ನನಗಿಲ್ಲ. ಕಾರಿಗೆ ಅದು ಸಾಕು, ಮಳೆನೀರನ್ನು ತೊಟ್ಟಿಗೆ ತಿರುಗಿಸಲು ಹಂಚಿಗಿಂತ ಅನುಕೂಲ. ಮೇ ತಿಂಗಳೊಳಗೆ ಹಳೆಯ ಸ್ಕ್ರೂಗಳನ್ನು ಬಿಚ್ಚಿ, ಒಂದಳತೆ ದಪ್ಪದ ಸ್ಟೇನ್‌ಲೆಸ್ ಸ್ಟೀಲಿನವು ಹಾಕಬೇಕಿದೆ. ಅಂಕೋಲೆಯಲ್ಲಿ ಸಿಗದಿದ್ದರೆ ಕಾರವಾರದಲ್ಲಿ ವಿಚಾರಿಸುತ್ತೇನೆ.