ಚರ್ರ್ ಅನ್ನುವ ಪಟ್ಟಿ: ಮಗು ಹೊರುವ ಕ್ಯಾರಿಯರ್, 21 ತಿಂಗಳು ಬಳಸಿದ ಮೇಲೆ

ಮೊದಲು ದೂರು ಹೇಳಿಬಿಡುತ್ತೇನೆ. ಈ ಕ್ಯಾರಿಯರ್‌ನ ಸೊಂಟದ ಪಟ್ಟಿಗೆ ವೆಲ್ಕ್ರೋ ಹಾಕಿದ್ದಾರೆ. ಅಂಗೈ ಅಗಲದ ವೆಲ್ಕ್ರೋ. ಮಗಳು ಎದೆಗೆ ಒರಗಿ ಈಗಷ್ಟೇ ನಿದ್ದೆ ಹೋಗಿರುತ್ತಾಳೆ. ನಾನು ಉಸಿರು ಬಿಗಿಹಿಡಿದು ಮಂಚದ ಅಂಚಿನಲ್ಲಿ ಕೂರುತ್ತೇನೆ. ಭುಜದ ಬಕಲ್ ಬಿಚ್ಚುತ್ತೇನೆ. ಒಂದು ಕೈ ಅವಳ ಬೆನ್ನಿಗೆ ಕೊಟ್ಟು ಇನ್ನೊಂದರಲ್ಲಿ ಪಟ್ಟಿ ಎಳೆದರೆ, ಚರ್ರ್! ಎರಡೂ ಕೈ ಚಾಚಿ ಬೆಚ್ಚಿಬೀಳುತ್ತಾಳೆ. ಅರ್ಧ ಗಂಟೆ ತೂಗಿದ್ದೆಲ್ಲ ನೀರಲ್ಲಿ ಹೋಮ.

ಮಗು ಮಲಗಿಸೋಕೆ ಅಂತಲೇ ಮಾರುವ ವಸ್ತುವಿನಲ್ಲಿ ಇಂಥ ಸದ್ದು ಮಾಡುವ ಪಟ್ಟಿ ಯಾಕೆ? ಕಂಪನಿಗೆ ಬರೆದೆ. "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಬಂತು, ಅಷ್ಟೇ. 3,400 ರೂಪಾಯಿ ಕೊಟ್ಟವನಿಗೆ ಸಿಟ್ಟು ಬರುತ್ತದೆ ಅಲ್ವಾ?

ಎಷ್ಟು ಭಂಗಿ, ಎಷ್ಟು ಜೇಬು ಅನ್ನೋದೆಲ್ಲ ಡಬ್ಬಿಯ ಮೇಲೆಯೇ ಇದೆ, ಅದನ್ನು ಬಿಟ್ಟುಬಿಡೋಣ. ನಮ್ಮದು ಹಿಪ್ ಸೀಟ್ ನಮೂನೆ, ಅಂದ್ರೆ ಸೊಂಟದ ಹತ್ತಿರ ಮಗು ಕೂರೋಕೆ ಗಟ್ಟಿ ದಿಂಬಿನ ಥರ ಒಂದು ಪೀಠ ಇರುತ್ತದೆ. ಮಗಳಿಗೆ ನಾಲ್ಕು ತಿಂಗಳು ತುಂಬಿ, ಕತ್ತು ನಿಂತ ಮೇಲೆ ತಗೊಂಡೆ. ಅದಕ್ಕಿಂತ ಮುಂಚೆ ಇದು ಬೇಡ.

ಅಮ್ಮನಿಗೆ ಇದು ಇಷ್ಟ ಇರಲಿಲ್ಲ. "ಮಗು ಕಾಲು ಸೊಟ್ಟ ಆಗುತ್ತೆ ಕಣೋ" ಅಂದರು. ಆ ಭಯ ನನಗೂ ಇತ್ತು. 14 ವಾರದ ಲಸಿಕೆಗೆ ಹೋದಾಗ ಡಾಕ್ಟರ್ ಹತ್ತಿರ ಕೇಳಿದೆ. ಕಪ್ಪೆ ಕೂತ ಹಾಗೆ ಕಾಲು ಅಗಲಿಸಿ, ಮಂಡಿ ಕುಂಡಿಗಿಂತ ಸ್ವಲ್ಪ ಮೇಲೆ, ತೊಡೆಗೆ ಕೆಳಗಿಂದ ಆಸರೆ ಇದ್ದರೆ ಸೊಂಟದ ಕೀಲಿಗೆ ಒಳ್ಳೆಯದೇ ಅಂದರು. ಕಾಲು ನೆಟ್ಟಗೆ ಮಾಡಿ ಬಿಗಿಯಾಗಿ ಸುತ್ತುವುದೇ ಕೀಲಿಗೆ ಕೆಟ್ಟದ್ದಂತೆ. ಇನ್ನೊಂದು ಮಾತು ಹೇಳಿದರು. ಗಲ್ಲ ಎದೆಗೆ ಒತ್ತಿರಬಾರದು, ಮುಖ ಯಾವಾಗಲೂ ನಿಮಗೆ ಕಾಣುತ್ತಿರಬೇಕು, ಬಗ್ಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಹತ್ತಿರ ಇರಬೇಕು. ಈ ಅಳತೆ ನನಗೆ ತುಂಬಾ ಇಷ್ಟವಾಯಿತು. ದಿನಾ ಕಟ್ಟಿಕೊಂಡ ಕೂಡಲೇ ಮುತ್ತು ಕೊಟ್ಟೇ ನೋಡುತ್ತಿದ್ದೆ.

ವೆಲ್ಕ್ರೋಗೆ ನಾನು ಮಾಡದ ಉಪಾಯ ಇಲ್ಲ. ನಿಧಾನಕ್ಕೆ ಎಳೆದೆ, ಟಕ್ ಟಕ್ ಅಂತ ಇನ್ನೂ ಜಾಸ್ತಿ ಹೊತ್ತು ಸದ್ದು. ಫ್ಯಾನ್ ಜೋರು ಮಾಡಿದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತಿಗೆ ಸರಿಯಾಗಿ ಎಳೆದೆ. ಕುಕ್ಕರ್‌ಗೆ ಏಳದ ಮಗು ವೆಲ್ಕ್ರೋಗೆ ಎದ್ದಳು. ಕೊನೆಗೆ ಒಂದು ಮಧ್ಯಾಹ್ನ ಸುಸ್ತಾಗಿ ಬಿಟ್ಟುಬಿಟ್ಟೆ. ಬಿಚ್ಚದೆ, ಹಾಗೇ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತೆ.

ಫೋನ್ ಒಳಗಡೆ ಚಾರ್ಜ್‌ಗೆ ಇತ್ತು. ಎದ್ದರೆ ಅವಳಿಗೆ ಎಚ್ಚರ ಆಗುತ್ತದೆ ಅಂತ ತರಲಿಲ್ಲ. ಸುಮ್ನೆ ಕೂತಿದ್ದೆ. ಅವಳ ಕೆನ್ನೆ ನನ್ನ ಎದೆಯ ಎಡಭಾಗಕ್ಕೆ ಒತ್ತಿಕೊಂಡು ತುಟಿ ಸ್ವಲ್ಪ ಓರೆಯಾಗಿತ್ತು. ನೆತ್ತಿಯಲ್ಲಿ ಬೆಳಿಗ್ಗೆಯ ಎಣ್ಣೆ, ಸಾಂಬ್ರಾಣಿ ವಾಸನೆ. ಮಧ್ಯೆ ಮಧ್ಯೆ ನಿದ್ದೆಯಲ್ಲೇ ಎರಡು ಮೂರು ಸಲ ಚೀಪುತ್ತಾಳೆ, ನಿಲ್ಲಿಸುತ್ತಾಳೆ. ನಾನು ಉಸಿರು ಎಳೆದಾಗ ಅವಳು ಮೇಲೆ ಬರುತ್ತಾಳೆ, ಬಿಟ್ಟಾಗ ಕೆಳಗೆ ಹೋಗುತ್ತಾಳೆ. ನಲವತ್ತು ನಿಮಿಷ. ನನ್ನ ಅಂಗಿ ಒದ್ದೆಯಾಗಿತ್ತು, ಬೆವರು ಯಾರದು ಜೊಲ್ಲು ಯಾರದು ಗೊತ್ತಿಲ್ಲ.

ಅಲ್ಲಿಯವರೆಗೆ ನಾನು ಆ ಮನೆಯಲ್ಲಿ ಡೈಪರ್ ತರುವವನು, ಬಿಸಿನೀರು ಕಾಯಿಸುವವನು. ಮಗು ಅತ್ತರೆ ಹೆಂಡತಿಗೆ ಕೊಡುವವನು. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ನನ್ನದು ಖಾಸಗಿ ಕೆಲಸ, ಸಿಕ್ಕಿದ್ದು ಐದೇ ದಿನ. ಮಗುವಿನ ಅಳು ಯಾವುದಕ್ಕೆ ಅಂತ ಐದು ದಿನದಲ್ಲಿ ಹೇಗೆ ತಿಳಿಯಬೇಕು? ಹೆಂಡತಿ 26 ವಾರದ ಹೆರಿಗೆ ರಜೆ ಮುಗಿದು ಆಫೀಸಿಗೆ ಹೊರಟಾಗ ನನಗೆ ಒಳಗೊಳಗೇ ಹೆದರಿಕೆ. ನಾನು ಮನೆಯಿಂದಲೇ ಕೆಲಸ ಮಾಡುವವನು, ಹಗಲು ಮಗು ನನ್ನ ಜೊತೆ. ಆದರೆ ಅಷ್ಟು ಹೊತ್ತಿಗೆ ಆ ಕುರ್ಚಿಯ ನಿದ್ದೆ ರೂಢಿಯಾಗಿತ್ತು. ಅಮ್ಮನೇ ಬೇಕು ಅಂತ ಮಗಳು ಅಳಲಿಲ್ಲ. ನನ್ನ ಎದೆ ಸಾಕಾಯಿತು. ಇದನ್ನು ಬರೆಯುವಾಗ ಈಗಲೂ ಕಣ್ಣು ತುಂಬುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಕುರ್ಚಿಯಲ್ಲಿ ನೀವು ನಿದ್ದೆ ಹೋಗಬಾರದು. ತೂಕಡಿಕೆ ಬಂದರೆ ವೆಲ್ಕ್ರೋ ಸದ್ದಾದರೂ ಸರಿ, ಮಗು ಎದ್ದರೂ ಸರಿ, ಬಿಚ್ಚಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ.

ಬೆಳಿಗ್ಗೆ ಆರೂವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ನಮ್ಮ ಇನ್ನೊಂದು ರೂಢಿ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ. ಆರು ತಿಂಗಳು ದಾಟಿದ ಮೇಲೆ ಅವಳನ್ನು ಹೊರಮುಖ ಮಾಡಿ ಕೂರಿಸಿದೆ. ಹೆಜ್ಜಾರ್ಲೆ ನೀರಿಗೆ ಇಳಿಯುವುದನ್ನು ನೋಡಿ ಎರಡೂ ಕಾಲು ಬಡಿಯುತ್ತಾಳೆ, ಹಿಮ್ಮಡಿ ನನ್ನ ತೊಡೆಗೆ ಬೀಳುತ್ತದೆ. ಹಕ್ಕಿ ಬಂತು ಅಂತ ನನಗೆ ಮೊದಲು ಗೊತ್ತಾಗುವುದು ಆ ಒದೆತದಿಂದ.

ಅಲ್ಲಿ ವಾಕಿಂಗ್ ಬರುವ ಒಬ್ಬ ಅಜ್ಜಿ ಹೇಳಿದರು, "ನಾವು ಗದ್ದೆಗೆ ಹೋದಾಗ ಮರಕ್ಕೆ ಸೀರೆ ಜೋಲಿ ಕಟ್ಟುತ್ತಿದ್ದೆವು, ಬೆನ್ನಿಗೂ ಕಟ್ಟಿಕೊಳ್ಳುತ್ತಿದ್ದೆವು, ಇದೇನು ಹೊಸದು?" ಅವರ ಮಾತು ನಿಜ. ಅಮೆರಿಕದ ನರ್ಸ್ ಆನ್ ಮೂರ್ 1960ರ ದಶಕದಲ್ಲಿ ಆಫ್ರಿಕಾದ ಟೋಗೋದಲ್ಲಿ ತಾಯಂದಿರು ಬಟ್ಟೆಯಲ್ಲಿ ಮಗು ಕಟ್ಟಿಕೊಳ್ಳುವುದನ್ನು ನೋಡಿಯೇ ಸ್ನಗ್ಲಿ ಅನ್ನುವ ಕ್ಯಾರಿಯರ್ ಮಾಡಿದ್ದು, 1969ರಲ್ಲಿ ಪೇಟೆಂಟ್ ಸಿಕ್ಕಿತು. ಹೊಸದು ಏನಾದರೂ ಇದ್ದರೆ, ಕಟ್ಟಿಕೊಂಡವನು ಗಂಡಸು ಅನ್ನೋದು. ಮೊದಮೊದಲು ಜನ ತಿರುಗಿ ನೋಡುತ್ತಿದ್ದರು. ಈಗ ಆ ಏರಿಯಲ್ಲಿ ಇನ್ನೂ ಇಬ್ಬರು ಅಪ್ಪಂದಿರು ಕಾಣುತ್ತಾರೆ.

ಮಗು ಹುಟ್ಟುವ ಮುಂಚೆ ಕೊಂಡ ಬೇರೆ ವಸ್ತುಗಳ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. 2,700 ರೂಪಾಯಿಯ ಮಾನಿಟರ್ ಕ್ಯಾಮೆರಾ ಎರಡು ಕೋಣೆಯ ಮನೆಗೆ ಬೇಕಿರಲಿಲ್ಲ. ಬಾಟಲಿ ಬಿಸಿ ಮಾಡುವ ಯಂತ್ರ ಪೆಟ್ಟಿಗೆ ಸೇರಿದೆ.

ಏಪ್ರಿಲ್, ಮೇನಲ್ಲಿ ಈ ಕ್ಯಾರಿಯರ್ ಸೆಕೆ. ಹತ್ತು ಗಂಟೆಯ ಮೇಲೆ ಹೊರಗೆ ಹೋಗಬೇಡಿ. ಡಬ್ಬಿಯ ಮೇಲೆ 15 ಕೆ.ಜಿ. ಅಂತಿದೆ, ಆದರೆ 10 ದಾಟಿದ ಮೇಲೆ ನನಗೆ ನಡು ನೋವು ಶುರುವಾಯಿತು, ಅರ್ಧ ಗಂಟೆಗಿಂತ ಜಾಸ್ತಿ ಹೊರುವುದಿಲ್ಲ. ಹೊಲಿಗೆ ಒಂದೂ ಬಿಟ್ಟಿಲ್ಲ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಆ ಪಟ್ಟಿಗೆ ಕಳೆದಿದ್ದೇನೆ, ಅದನ್ನು ವಾಪಸ್ ಕೊಡಲ್ಲ. ನಿಮಗೆ ಬಕಲ್ ಮಾತ್ರ ಇರುವುದು ಸಿಕ್ಕರೆ ಅದನ್ನೇ ತಗೊಳ್ಳಿ.

ಈಗ ಅವಳಿಗೆ ಎರಡು ವರ್ಷ ಒಂದು ತಿಂಗಳು. ಓಡುತ್ತಾಳೆ, ಎತ್ತಿಕೊಳ್ಳೋದು ಬೇಡ ಅಂತಾಳೆ. ಆದರೆ ನಿದ್ದೆ ಬಂದಾಗ ಬಾಗಿಲ ಹಿಂದಿನ ಮೊಳೆಯಿಂದ ಕ್ಯಾರಿಯರ್ ಎಳೆದುಕೊಂಡು ಬರುತ್ತಾಳೆ. ನೆಲದ ಮೇಲೆ ಬಕಲ್ ಗರಗರ ಅನ್ನುತ್ತದೆ. ನನ್ನ ಮುಂದೆ ನಿಂತು, ಅದಕ್ಕೆ ಅವಳೇ ಇಟ್ಟ ಹೆಸರು ಹೇಳುತ್ತಾಳೆ: "ಅಪ್ಪಾ, ಚರ್ರ್."