ರೀಪರ್‌ನಲ್ಲಿ ಟೆಂಪೊ ಹಿಡಿಯುವ ಕೆಲಸ: ವರ್ಷಗಟ್ಟಲೆ ಬಳಸಿದವನ ಮಾತು

ಡೊಳ್ಳು, ತಮಟೆ ಸದ್ದುಗಳನ್ನು ಇಟ್ಟುಕೊಂಡು ನಾಟಕ, ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡುವವನು ನಾನು. ಕಂಪ್ಯೂಟರಿನಲ್ಲಿ ಸದ್ದು ರೆಕಾರ್ಡ್ ಮಾಡಿ ಜೋಡಿಸುವ ರೀಪರ್ ತಂತ್ರಾಂಶ ಹಿಡಿದು ವರ್ಷಗಳೇ ಆದವು. ಅದರ ಪೂರ್ತಿ ಜಾತಕ ಬಿಡಿಸಲು ಹೋಗುವುದಿಲ್ಲ. ಟೆಂಪೊ, ಅಂದರೆ ಲಯದ ವೇಗ, ಗೊತ್ತಿಲ್ಲದ ಸ್ಯಾಂಪಲ್ (ರೆಕಾರ್ಡ್ ಮಾಡಿದ ಸದ್ದಿನ ತುಣುಕು) ಕೈಗೆ ಸಿಕ್ಕಾಗ ಇದು ಎಷ್ಟು ನೆರವಾಗುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಲೆಕ್ಕ ಸುಲಭ. ಬಡಿತಗಳ ಸಂಖ್ಯೆಯನ್ನು 60ರಿಂದ ಗುಣಿಸಿ ಸೆಕೆಂಡುಗಳಿಂದ ಭಾಗಿಸಿದರೆ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಅನ್ನುವ ಸಂಖ್ಯೆ. 16 ಬಡಿತದ ಲೂಪ್ (ಮತ್ತೆ ಮತ್ತೆ ನುಡಿಸುವ ತುಣುಕು) 7.5 ಸೆಕೆಂಡ್ ಇದ್ದರೆ 128. ರೀಪರ್‌ನಲ್ಲಿ ಈ ಲೆಕ್ಕವನ್ನೂ ಮಾಡಬೇಕಿಲ್ಲ. ಒಂದು ಸುತ್ತಿನ ಉದ್ದಕ್ಕೆ ಟೈಮ್ ಸೆಲೆಕ್ಷನ್ (ಅಳೆಯಬೇಕಾದ ಭಾಗದ ಗುರುತು) ಎಳೆದು ಆಲ್ಟ್, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿದರೆ ಆ ವೇಗವನ್ನು ತೋರಿಸುವ ಟೆಂಪೊ ಮಾರ್ಕರ್ ಬಂದು ಕೂರುತ್ತದೆ. ಸೆಲೆಕ್ಷನ್ ಮುಗಿಯಬೇಕಾದ್ದು ಮುಂದಿನ ಸುತ್ತಿನ ಮೊದಲ ಪೆಟ್ಟಿನ ಹತ್ತಿರ. ಹೊಸಬರು ಕೊನೆಯ ಪೆಟ್ಟಿಗೇ ನಿಲ್ಲಿಸಿಬಿಡುತ್ತಾರೆ. ಆಗ 16 ಬಡಿತದ ಜಾಗದಲ್ಲಿ 15 ಬಡಿತದ ಉದ್ದ ಸಿಗುತ್ತದೆ, ಮುಂದಿನದ್ದೆಲ್ಲ ಹಾಳು. 70 ಬರಬೇಕಾದಲ್ಲಿ 140 ಬಂದರೆ ಗಾಬರಿ ಬೇಡ. ಲೆಕ್ಕದ ಪ್ರಕಾರ ಎರಡೂ ಸರಿ. ಕಾಲಲ್ಲಿ ತಾಳ ಹಾಕಿ ನೋಡಿ, ಯಾವುದು ಅಂತ ಗೊತ್ತಾಗುತ್ತದೆ.

ಪೆಟ್ಟು ಹುಡುಕಲು ಟ್ಯಾಬ್ ಕೀ ಇದೆ. ಒತ್ತಿದಾಗೆಲ್ಲ ಕರ್ಸರ್ ಮುಂದಿನ ಪೆಟ್ಟಿಗೆ ಹಾರುತ್ತದೆ. ಬೆಂಕಿಗೆ ಕಾಸಿದ ತಮಟೆಯ ಚುರುಕು ಸದ್ದಿಗೆ ಇದು ಹೇಳಿ ಮಾಡಿಸಿದ್ದು. ಡೊಳ್ಳಿಗೆ ಹಾಗಲ್ಲ. ಒಂದು ಕಡೆ ಕೋಲು, ಇನ್ನೊಂದು ಕಡೆ ಅಂಗೈ. ಕೋಲಿನ ಏಟು ಸ್ಪಷ್ಟವಾಗಿ ಕಾಣುತ್ತದೆ, ಅಂಗೈಯ ಗುಮ್ಮೆನ್ನುವ ಸದ್ದು ನಿಧಾನಕ್ಕೆ ಮೇಲೇಳುತ್ತದೆ. ಅಲ್ಲಿ ಪೆಟ್ಟು ಹಿಡಿಯುವ ಸೆನ್ಸಿಟಿವಿಟಿ ತಿದ್ದಿಕೊಂಡು, ಪರದೆಯ ಮೇಲಿನ ಸದ್ದಿನ ಅಲೆಯನ್ನು ದೊಡ್ಡದು ಮಾಡಿಕೊಂಡು ಕಣ್ಣಿಂದಲೇ ಗುರುತಿಸುವುದು ವಾಸಿ. ನಾದಸ್ವರದ ಎಳೆದ ಸ್ವರಕ್ಕೆ ಟ್ಯಾಬ್ ನೆಚ್ಚಿಕೊಳ್ಳಬೇಡಿ. ಬಿಪಿಎಂ ಅನ್ನುವ ಬಟನ್ನಿನ ಮೇಲೆ ಲಯಕ್ಕೆ ಸರಿಯಾಗಿ ಕ್ಲಿಕ್ ಮಾಡುತ್ತಾ ಹೋದರೆ ಅಂದಾಜು ಟೆಂಪೊ ಸಿಗುತ್ತದೆ.

ಎಂಪಿತ್ರೀ ಲೂಪ್ ಆದರೆ ಫೈಲಿನ ಪೂರ್ತಿ ಉದ್ದವನ್ನು ನಂಬಬೇಡಿ. ಸದ್ದನ್ನು ಎಂಪಿತ್ರೀಗೆ ಬದಲಿಸುವಾಗ ಹಿಂದೆ ಮುಂದೆ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. 7.5 ಸೆಕೆಂಡಿನ ಲೂಪಿಗೆ 26 ಮಿಲಿಸೆಕೆಂಡ್ ಸೇರಿದರೂ 128 ಹೋಗಿ 127.56 ಆಗುತ್ತದೆ. ಸುಮ್ನೆ ಪುಡಿ ವ್ಯತ್ಯಾಸ ಅನ್ನಿಸಬಹುದು. ಇಪ್ಪತ್ತು ಸಲ ಲೂಪ್ ಆದ ಮೇಲೆ ಅರ್ಧ ಸೆಕೆಂಡ್ ಹಿಂದೆ ಬಿದ್ದಿರುತ್ತದೆ.

ನನಗೆ ರೀಪರ್ ನಿಜವಾಗಿ ಹಿಡಿಸಿದ್ದು ನಮ್ಮ ತಾಳಗಳ ವಿಷಯದಲ್ಲಿ. ಮಿಶ್ರಛಾಪು ತಾಳದ ಒಂದು ಆವರ್ತ (ಪೂರ್ತಿ ಸುತ್ತು) 2.1 ಸೆಕೆಂಡ್ ಇದೆ ಅಂದುಕೊಳ್ಳಿ. ಏಳು ಅಕ್ಷರ (ತಾಳದ ಎಣಿಕೆ), ಒಂದೊಂದಕ್ಕೆ 0.3 ಸೆಕೆಂಡ್. ಒಂದು ಬಾರ್‌ಗೆ (ತಾಳದ ಒಂದು ಅಳತೆಗೆ) ನಾಲ್ಕೇ ಬಡಿತ ಅಂತ ನಂಬಿಕೊಂಡಿರುವ ಯಾವುದೇ ಲೆಕ್ಕ ಇದನ್ನು 114.29 ಅನ್ನುತ್ತದೆ. ಆ ಸಂಖ್ಯೆ ನೋಡಿದರೇ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತದೆ, ಅಲ್ವಾ? ಟೈಮ್ ಸಿಗ್ನೇಚರ್ (ಒಂದು ಬಾರ್‌ನ ಎಣಿಕೆ) 7/8 ಅಂತ ಕೊಟ್ಟು ಅದೇ ಆವರ್ತವನ್ನು ಒಂದು ಬಾರ್ ಮಾಡಿ. ಎರಡು ಅಕ್ಷರ ಸೇರಿ ಒಂದು ಬಡಿತ, ಅಂದರೆ 0.6 ಸೆಕೆಂಡ್. ಈಗ ಸರಿಯಾಗಿ 100. ಪರದೆಯ ಮೇಲೆ ಎಣಿಕೆ ತೋರಿಸುವ ಗ್ರಿಡ್ಡಿನ ಗೆರೆಗಳು ತಕಿಟ ತಕಧಿಮಿ ಅಂತ ಬಿದ್ದಿರುತ್ತವೆ. ಐದು ಅಕ್ಷರದ ಖಂಡಛಾಪಿಗೆ 5/8 ಇಟ್ಟರೆ ಅಷ್ಟೇ ಸಲೀಸು. ಇಲ್ಲಿ ಯಂತ್ರ ಜಾಣತನ ತೋರಿಸುವುದಿಲ್ಲ, ನಾವು ಹೇಳಿದ್ದನ್ನು ಕೇಳುತ್ತದೆ. ನನಗೆ ಬೇಕಿರುವುದೂ ಅಷ್ಟೇ.

ಕುಣಿತದ ಬಯಲಲ್ಲಿ ರೆಕಾರ್ಡ್ ಮಾಡಿದ್ದು ಇನ್ನೊಂದು ಕಥೆ. ಡೊಳ್ಳಿನವರು ಒಂದೇ ವೇಗದಲ್ಲಿ ನಿಲ್ಲುವುದಿಲ್ಲ, ಏರುತ್ತಾ ಹೋಗುತ್ತಾರೆ. 96ಕ್ಕೆ ಶುರುವಾದದ್ದು 110 ಮುಟ್ಟಿರುತ್ತದೆ. ಇಡೀ ಫೈಲಿಗೆ ಒಂದೇ ಟೆಂಪೊ ಕೊಡಲು ಕೂತರೆ ತಲೆನೋವು ಖಂಡಿತ. ಸುತ್ತಿಗೊಂದರಂತೆ ಸೆಲೆಕ್ಟ್ ಮಾಡಿ ಅದೇ ಕೀಗಳನ್ನು ಒತ್ತುತ್ತಾ ಹೋಗುವುದು ನನ್ನ ಪದ್ಧತಿ. ಬೇಸರದ ಕೆಲಸ, ಸುಳ್ಳು ಹೇಳುವುದಿಲ್ಲ. ಮುಗಿದ ಮೇಲೆ ತಾಳ ಕೊಡುವ ಮೆಟ್ರೊನೋಮ್ ಡೊಳ್ಳಿನವರ ಹಿಂದೆ ಓಡುತ್ತದೆ, ಮೇಲೆ ಸೇರಿಸುವ ಕೀಬೋರ್ಡ್ ಕೂಡ ಅವರ ಜೊತೆಗೇ ಏರುತ್ತದೆ. ಡೊಳ್ಳನ್ನೇ ಕತ್ತರಿಸಿ ಗ್ರಿಡ್ಡಿಗೆ ಕೂರಿಸುವವರೂ ಇದ್ದಾರೆ. ಕುಣಿತದ ಏರು ಹೋದ ಮೇಲೆ ಡೊಳ್ಳು ಯಾಕೆ ಬೇಕು ಅನ್ನುವುದು ನನ್ನ ಪ್ರಶ್ನೆ.

ಈ ಕೆಲಸಕ್ಕೆ ಇಳಿಯುವ ಮೊದಲು ಟ್ರ್ಯಾಕಿನ ಟೈಮ್‌ಬೇಸನ್ನು (ಆಡಿಯೊ ಸಮಯಕ್ಕೆ ಅಂಟಿರಬೇಕೋ ಬಡಿತಕ್ಕೋ ಅನ್ನುವ ಆಯ್ಕೆ) 'ಟೈಮ್'ಗೆ ಬದಲಿಸಿಕೊಳ್ಳಿ. 'ಬೀಟ್ಸ್' ಅಂತ ಇದ್ದರೆ ಮಾರ್ಕರ್ ಹಾಕಿದ ಕೂಡಲೇ ಆಡಿಯೊ ಕೂಡ ಹಿಗ್ಗಿ ಕುಗ್ಗಿ, ಅಳೆಯುತ್ತಿದ್ದ ವಸ್ತುವೇ ಬದಲಾಗಿಬಿಡುತ್ತದೆ. ಈ ಆಯ್ಕೆಯನ್ನು ಬಲ ಕ್ಲಿಕ್ಕಿನ ಮೆನುವಿನಲ್ಲಿ ಹುಡುಕಿಕೊಳ್ಳಬೇಕು. ರೀಪರ್ ಮೆನುಗಳು ಉದ್ದ, ಹೊಸಬರಿಗೆ ಸುಸ್ತಾಗುತ್ತದೆ.

ಟೆಂಪೊ ಸಿಕ್ಕ ಮೇಲೆ ಹೊಂದಿಸುವುದು ಸರಾಗ. 96ರ ಲೂಪನ್ನು 100ಕ್ಕೆ ತರಲು ಪ್ಲೇಬ್ಯಾಕ್ ರೇಟ್ (ನುಡಿಸುವ ವೇಗ) 1.0417 ಕೊಡಿ. ಪಿಚ್ (ಶ್ರುತಿ) ಉಳಿಸುವ ಆಯ್ಕೆ ಆಫ್ ಮಾಡಿದರೆ ಶ್ರುತಿ ಸುಮಾರು 0.7 ಸೆಮಿಟೋನ್ (ಅರ್ಧ ಸ್ವರದ ಅಳತೆ) ಏರುತ್ತದೆ. ತಮಟೆಗೆ ನಾನು ಆಫ್ ಮಾಡಿಯೇ ಬಿಡುತ್ತೇನೆ, ಏಟಿನ ಚೂಪು ಉಳಿಯುತ್ತದೆ. ನಾದಸ್ವರಕ್ಕೆ ಹಾಗೆ ಮಾಡಿದರೆ ಶ್ರುತಿ ಕೆಡುತ್ತದೆ.

ಬೆಲೆ ವಿಷಯ. ಸ್ವಂತ ಬಳಕೆಗೆ ಮತ್ತು ಸಣ್ಣ ಆದಾಯದವರಿಗೆ 60 ಡಾಲರ್, ದೊಡ್ಡ ಸ್ಟುಡಿಯೊಗಳಿಗೆ 225. 60 ದಿನ ಪೂರ್ತಿ ಸೌಲಭ್ಯಗಳೊಂದಿಗೆ ಪರೀಕ್ಷಿಸಬಹುದು. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಜೊತೆಗೆ ಸ್ಯಾಂಪಲ್‌ಗಳ ರಾಶಿ ಬರುವುದಿಲ್ಲ, ಅದನ್ನು ನೀವೇ ಕೂಡಿಸಿಕೊಳ್ಳಬೇಕು. ಒಂದೇ ಟೆಂಪೊದ ಡ್ಯಾನ್ಸ್ ಲೂಪ್‌ಗಳಲ್ಲೇ ಕೆಲಸ ಮಾಡುವವರಿಗೆ ಇಷ್ಟೆಲ್ಲ ಬೇಕಾಗಲಿಕ್ಕಿಲ್ಲ. ಹಳ್ಳಿ ಜಾತ್ರೆಯಲ್ಲಿ ಮೊಬೈಲಲ್ಲಿ ಹಿಡಿದ ವಾದ್ಯದ ಸದ್ದಿಗೆ ಸಂಗೀತ ಕಟ್ಟುವವರಿದ್ದರೆ, ಕೊಳ್ಳಿ ಅನ್ನುತ್ತೇನೆ.